ಸಭೆಯೋ ದೇವಾಲಯವೋ? ವೆಸ್ಟ್‌ಮಿನ್‌ಸ್ಟರಿನ ಮೆಥಡಿಸ್ಟ್ ಸೆಂಟ್ರಲ್ ಹಾಲಿನ ವಾಸ್ತುವಿಚಾರ

೧

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಪಶ್ಚಿಮದ ಜೋಡಿಗೋಪುರಗಳಿಗೆ ಎದುರಾಗಿ ಬಿಳಿಯ ಪೋರ್ಟ್‌ಲೆಂಡ್ ಕಲ್ಲಿನ ಹೊದಿಕೆಯೂ ಸೀಸದ ತಗಡು ಹೊದ್ದ ದೊಡ್ಡ ಗುಮ್ಮಟವೂ ಉಳ್ಳ ಕಟ್ಟಡವೊಂದಿದೆ. ಅದರ ಪರಿಚಯವಿಲ್ಲದವರು ಅದನ್ನು ನಾಟಕಶಾಲೆಯೆಂದೋ ಪುರಭವನವೆಂದೋ ಸರ್ಕಾರದ ಯಾವುದೋ ಕಚೇರಿಯೆಂದೋ ತಿಳಿದಾರು. ದೇವರ ಆರಾಧನೆಗಾಗಿ ಕಟ್ಟಿದ್ದೆಂದು ಮಾತ್ರ ಊಹಿಸಲಾರರು. ಮೊನಚು ಕಮಾನಿಲ್ಲ, ಮುಗಿಲಿಗೆ ಚಾಚಿದ ಶಿಖರವಿಲ್ಲ. ಹೆಸರಿನಲ್ಲಿಯೂ ಚರ್ಚು ಎಂಬ ಮಾತಿಲ್ಲ. ೧೯೧೨ರಲ್ಲಿ ತೆರೆದ ಈ ಮೆಥಡಿಸ್ಟ್ ಸೆಂಟ್ರಲ್ ಹಾಲ್ ಆದಾಗ್ಯೂ ಆ ಪಂಥದ ಪ್ರಧಾನ ಆರಾಧನಾಸ್ಥಾನಗಳಲ್ಲಿ ಒಂದು. ಪ್ರತಿ ಭಾನುವಾರ ಇಂದಿಗೂ ಅಲ್ಲಿ ಪ್ರಾರ್ಥನೆ ನಡೆಯುತ್ತದೆ.

ಈ ಕಟ್ಟಡದ ಮೇಲೆ ಎರಡು ಆಕ್ಷೇಪಗಳನ್ನು ಹೊರಿಸಬಹುದು. ಸರಳತೆಯನ್ನು ಬೋಧಿಸಿದ ಜಾನ್ ವೆಸ್ಲಿಯ ಅನುಯಾಯಿಗಳಿಗೆ ಇಷ್ಟು ಆಡಂಬರ ಸಲ್ಲದು ಎಂಬುದು ಮೊದಲನೆಯದು. ಇದು ಚರ್ಚೇ ಅಲ್ಲ, ಬಾಡಿಗೆಗೆ ದೊರೆಯುವ ಸಭಾಂಗಣ ಮಾತ್ರ ಎಂಬುದು ಎರಡನೆಯದು. ಮೊದಲನೆಯದರಲ್ಲಿ ಸ್ವಲ್ಪ ನಿಜವಿದೆ. ಎರಡನೆಯದು ಪಂಥದ ಚರಿತ್ರೆಯನ್ನೇ ತಪ್ಪಾಗಿ ತಿಳಿದದ್ದು. ಮೆಥಡಿಸ್ಟರ ವಾಸ್ತುವಿನಲ್ಲಿ ಸಭಾಂಗಣವು ದೇವಾಲಯಕ್ಕೆ ಹೊಂದಿಸಿದ ಉಪಾಂಗವಲ್ಲ. ಅಲ್ಲಿ ಸಭಾಂಗಣವೇ ದೇವಾಲಯ. ಇದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಕನ್ನಡಿಗರಿಗೆ ಈ ಮಾತು ಅಪರಿಚಿತವಾಗಬಾರದು. ನಮ್ಮ ನಾಡಿನ ಪ್ರಾಟೆಸ್ಟಂಟ್ ಕ್ರೈಸ್ತರು ಚರ್ಚು ಎಂಬುದಕ್ಕೆ ಬಳಸುವ ಪದವೇ 'ಸಭೆ'. ಅದನ್ನು ನೋಡಿಕೊಳ್ಳುವ ಗುರು 'ಸಭಾಪಾಲಕ'. ಕನ್ನಡ ಬೈಬಲಿನಲ್ಲಿಯೂ ಸಭೆಯೆಂಬುದು ಕೂಡಿದ ಜನರ ಹೆಸರು, ಗೋಡೆಗಳ ಹೆಸರಲ್ಲ. ಮೂಲ ಗ್ರೀಕ್ ಪದದ ಅರ್ಥವೂ ಅದೇ. ಇಂಗ್ಲಿಷಿನಲ್ಲಿ ಚರ್ಚು ಬೇರೆ, ಹಾಲ್ ಬೇರೆ. ಆದುದರಿಂದ ಅಲ್ಲಿ ವಿವಾದಕ್ಕೆ ಅವಕಾಶವುಂಟು. ಕನ್ನಡದಲ್ಲಿ ಆ ವಿವಾದ ಪದದ ಹೊಸ್ತಿಲಲ್ಲಿಯೇ ತೀರುತ್ತದೆ.

೨

ಮೆಥಡಿಸ್ಟ್ ಪಂಥ ಹುಟ್ಟಿದ್ದು ಕಟ್ಟಡದ ಒಳಗಲ್ಲ. ವೆಸ್ಲಿ (೧೭೦೩–೧೭೯೧) ಇಂಗ್ಲೆಂಡಿನ ಅಧಿಕೃತ ಚರ್ಚಿನ ಪಾದ್ರಿ. ಅವನ ಉಪದೇಶದ ಆವೇಶಕ್ಕೆ ಹೆದರಿ ಹಲವು ಚರ್ಚುಗಳು ಅವನಿಗೆ ಬಾಗಿಲು ಮುಚ್ಚಿದವು. ೧೭೩೯ರ ಏಪ್ರಿಲಿನಲ್ಲಿ, ಜಾರ್ಜ್ ವಿಟ್‌ಫೀಲ್ಡನ ಪ್ರೇರಣೆಯಿಂದ, ಅವನು ಬ್ರಿಸ್ಟಲಿನಲ್ಲಿ ಬಯಲಿನಲ್ಲಿ ನಿಂತು ಬೋಧಿಸಿದ. ಚರ್ಚಿನ ಮೆಟ್ಟಿಲು ಹತ್ತದ ಗಣಿಯವರೂ ಕೂಲಿಯವರೂ ಅವನ ಮಾತಿಗೆ ಕಿವಿಗೊಟ್ಟರು. ಅಲ್ಲಿಂದ ಮುಂದೆ ಅರ್ಧ ಶತಮಾನ ಅವನು ಕುದುರೆಯ ಮೇಲೆ ನಾಡೆಲ್ಲ ಸುತ್ತಿದ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಇದು ಜಂಗಮವಾಗಿ ಹುಟ್ಟಿದ ಧರ್ಮ. ಸ್ಥಾವರ ಅದಕ್ಕೆ ಅನಿವಾರ್ಯವಾಗಿ ಒದಗಿದ್ದು: ಮಳೆಗೆ, ಚಳಿಗೆ, ಬಡವರ ಮಕ್ಕಳ ಶಾಲೆಗೆ, ಔಷಧ ಕೊಡಲು ಒಂದು ಸೂರು ಬೇಕಾಯಿತು.

ಆ ವರ್ಷವೇ ಬ್ರಿಸ್ಟಲಿನಲ್ಲಿ ಕಟ್ಟಲು ತೊಡಗಿದ ಮನೆಗೆ ಅವರು ಇಟ್ಟ ಹೆಸರು ಗಮನಾರ್ಹ: 'ಹೊಸ ಕೋಣೆ'. ಚರ್ಚು ಎನ್ನಲಿಲ್ಲ, ಚರ್ಚು ಎಂಬುದು ಊರಿನ ಅಧಿಕೃತ ದೇವಾಲಯ, ತಮ್ಮದು ಬೋಧನೆಯ ಮನೆ ಮಾತ್ರ ಎಂಬುದು ವೆಸ್ಲಿಯ ನಿಲುವು. ೧೭೪೮ರಲ್ಲಿ ವಿಸ್ತಾರಗೊಂಡ ಆ ಕಟ್ಟಡ ಇಂದಿಗೂ ಉಳಿದಿದ್ದು, ಜಗತ್ತಿನ ಮೆಥಡಿಸ್ಟ್ ಕಟ್ಟಡಗಳಲ್ಲೆಲ್ಲ ಹಳೆಯದು. ನಡುವೆ ಬೆಳಕನ್ನು ಇಳಿಬಿಡುವ ಎಂಟು ಮೂಲೆಯ ಗವಾಕ್ಷ. ಎರಡು ಅಂತಸ್ತಿನ ಪ್ರಸಂಗಪೀಠ. ಮೇಲೆ ಸಂಚಾರಿ ಬೋಧಕರು ತಂಗುವ ಕೊಠಡಿಗಳು. ಸತ್ರ, ಶಾಲೆ, ಸಭೆ ಮೂರೂ ಒಂದೇ ಸೂರಿನಡಿ.

ಮುಂದೆ ವೆಸ್ಲಿ ಎಂಟು ಮೂಲೆಯ ಕಟ್ಟಡಗಳನ್ನು ಮೆಚ್ಚಿದ. ಯಾರ್ಮ್ ಮತ್ತು ಹೆಪ್‌ಟನ್‌ಸ್ಟಾಲ್ ಊರುಗಳಲ್ಲಿ ೧೭೬೦ರ ದಶಕದಲ್ಲಿ ಎದ್ದ ಅಷ್ಟಕೋನದ ಮಂದಿರಗಳು ಇಂದಿಗೂ ಇವೆ. ಇದರ ಕಾರಣ ಸೌಂದರ್ಯವಲ್ಲ, ಧ್ವನಿ. ಉದ್ದನೆಯ ಚರ್ಚಿನಲ್ಲಿ ಹಿಂದಿನ ಸಾಲಿಗೆ ಮಾತು ಮುಟ್ಟುವುದಿಲ್ಲ. ಎಂಟು ಮೂಲೆಯಲ್ಲಿ ಎಲ್ಲರೂ ಬೋಧಕನಿಗೆ ಹೆಚ್ಚು ಕಡಿಮೆ ಸಮದೂರದಲ್ಲಿರುತ್ತಾರೆ. ವೆಸ್ಲಿಯ ಕಡೆಗಾಲದ ಮುಖ್ಯ ಕಟ್ಟಡ ಲಂಡನ್ನಿನ ಸಿಟಿ ರಸ್ತೆಯ ಮಂದಿರ. ಅದರ ಶಿಲ್ಪಿ ಕಿರಿಯ ಜಾರ್ಜ್ ಡಾನ್ಸ್. ೧೭೭೮ರಲ್ಲಿ ಅದು ತೆರೆಯಿತು. ಅದರ ಮೇಲುಪ್ಪರಿಗೆಯನ್ನು ಮೊದಲು ಹೊತ್ತಿದ್ದವು ಹಡಗಿನ ಕೂವೆಮರಗಳು. ೧೮೯೧ರಲ್ಲಿ ಅವುಗಳ ಸ್ಥಾನದಲ್ಲಿ ಅಮೃತಶಿಲೆಯಂಥ ಜಾಸ್ಪರ್ ಕಂಬಗಳು ಬಂದವು. ಈ ಬದಲಾವಣೆಯೊಂದರಲ್ಲಿಯೇ ಪಂಥದ ನೂರು ವರ್ಷಗಳ ಕಥೆಯಿದೆ. ಆದರೆ ಮೂಲವಿನ್ಯಾಸದಲ್ಲಿ ನೋಡಬೇಕಾದ ಸಂಗತಿ ಬೇರೆ: ಎತ್ತರದ ಪ್ರಸಂಗಪೀಠ ನಟ್ಟನಡುವೆ ಮುಂದಿತ್ತು, ಕರ್ತನ ಭೋಜನದ ಮೇಜು ಅದರ ಹಿಂದೆ. ನಮ್ಮ ಗುಡಿಗಳಲ್ಲಿ ಗರ್ಭಗೃಹ ಹೃದಯ, ನವರಂಗ ಅದಕ್ಕೆ ದಾರಿ. ಇಲ್ಲಿ ನವರಂಗವೇ ಹೃದಯ. ಕಾಣುವುದಕ್ಕಿಂತ ಕೇಳುವುದು ಮುಖ್ಯ. ದರ್ಶನಕ್ಕಾಗಿ ಕಟ್ಟಿದ ವಾಸ್ತು ಒಂದು, ಶ್ರವಣಕ್ಕಾಗಿ ಕಟ್ಟಿದ್ದು ಇನ್ನೊಂದು.

೩

ಹತ್ತೊಂಬತ್ತನೆಯ ಶತಮಾನದಲ್ಲಿ ಪಂಥಕ್ಕೆ ಹಣವೂ ಮರ್ಯಾದೆಯೂ ಬಂದವು. ಅವುಗಳ ಜೊತೆಗೆ ಗೋಥಿಕ್ ಶೈಲಿಯ ಮೋಹವೂ ಬಂತು. ೧೮೫೦ರಲ್ಲಿ ಫ್ರೆಡರಿಕ್ ಜಾಬ್ಸನ್ ಎಂಬ ವೆಸ್ಲಿಯನ್ ಪಾದ್ರಿ ಮಂದಿರಗಳ ಮತ್ತು ಶಾಲೆಗಳ ವಾಸ್ತುವಿನ ಮೇಲೆ ಒಂದು ಗ್ರಂಥವನ್ನೇ ಬರೆದು, ದೇವರ ಮನೆ ದೇವರ ಮನೆಯಂತೆಯೇ ಕಾಣಬೇಕು, ಗೋಥಿಕ್ ಶೈಲಿಯೇ ಕ್ರೈಸ್ತಧರ್ಮಕ್ಕೆ ಒಪ್ಪುವಂಥದು ಎಂದು ವಾದಿಸಿದ. ಊರೂರಿನಲ್ಲಿ ಮೊನಚು ಕಮಾನುಗಳು ಎದ್ದವು. ಮಧ್ಯಮವರ್ಗ ಒಳಗೆ ಬಂತು. ಬಯಲಿನಲ್ಲಿ ನಿಂತು ಕೇಳಿದವರ ಮೊಮ್ಮಕ್ಕಳು ಹೊರಗೆ ಉಳಿದರು.

ಇದಕ್ಕೆ ಪಂಥ ಕಂಡುಕೊಂಡ ಪರಿಹಾರವೇ ಸೆಂಟ್ರಲ್ ಹಾಲ್. ೧೮೮೬ರಲ್ಲಿ ಮ್ಯಾಂಚೆಸ್ಟರಿನಲ್ಲಿ, ೧೯೦೩ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ, ೧೯೦೫ರಲ್ಲಿ ಲಿವರ್‌ಪೂಲಿನಲ್ಲಿ ಇಂಥ ಭವನಗಳು ತೆರೆದವು. ಚರ್ಚಿನ ಹೊಸ್ತಿಲಿಗೆ ಅಂಜುವ ಕೂಲಿಗಾರ ನಾಟಕಶಾಲೆಯ ಬಾಗಿಲಿಗೆ ಅಂಜುವುದಿಲ್ಲ. ಆದುದರಿಂದ ದೇವರ ಮನೆಗೆ ನಾಟಕಶಾಲೆಯ ಬಾಗಿಲನ್ನು ಇಡೋಣ ಎಂಬುದು ಅವುಗಳ ತರ್ಕ. ಬೀದಿಯ ಬದಿಗೆ ಬಾಡಿಗೆಯ ಅಂಗಡಿಗಳು, ಮೇಲೆ ದೊಡ್ಡ ಸಭಾಂಗಣ. ಭಾನುವಾರ ಪ್ರಾರ್ಥನೆ, ವಾರದ ದಿನಗಳಲ್ಲಿ ಸಂಗೀತ, ಉಪನ್ಯಾಸ, ಬಡವರ ಪರಿಹಾರಕಾರ್ಯ. ಇದನ್ನು ಹೊಸ ಕಲ್ಪನೆಯೆಂದು ಹೊಗಳಿದವರೂ ತೆಗಳಿದವರೂ ಇದ್ದಾರೆ. ವಾಸ್ತವವಾಗಿ ಇದು ಬ್ರಿಸ್ಟಲಿನ 'ಹೊಸ ಕೋಣೆ'ಗೆ ಹಿಂತಿರುಗಿದ್ದು.

೪

ವೆಸ್ಟ್‌ಮಿನ್‌ಸ್ಟರಿನ ಭವನ ಈ ಮಾಲೆಯ ಮೇರು. ೧೮೯೮ರಲ್ಲಿ ವೆಸ್ಲಿಯನ್ನರು ಇಪ್ಪತ್ತನೆಯ ಶತಮಾನದ ನಿಧಿಯೊಂದನ್ನು ಆರಂಭಿಸಿದರು. ಪಾರ್ಲಿಮೆಂಟಿನ ಸದಸ್ಯ ರಾಬರ್ಟ್ ಪರ್ಕ್ಸ್ ಅದರ ಪ್ರೇರಕ. ಹತ್ತು ಲಕ್ಷ ಜನರಿಂದ ಹತ್ತು ಲಕ್ಷ ಗಿನಿ ಎಂಬುದು ಸೂತ್ರ. ಗಿನಿಯೆಂದರೆ ಇಪ್ಪತ್ತೊಂದು ಷಿಲ್ಲಿಂಗು. ೧೯೦೪ರಲ್ಲಿ ನಿಧಿಯನ್ನು ಮುಚ್ಚಿದಾಗ ಕೂಡಿದ್ದು ೧೦,೨೪,೫೦೧ ಗಿನಿ. ಅದರಲ್ಲಿ ಒಂದು ಪಾಲು ವಿದ್ಯಾಭ್ಯಾಸಕ್ಕೂ ಒಂದು ಪಾಲು ಹೊರನಾಡುಗಳ ಮಿಷನ್ನುಗಳಿಗೂ ಹೋಯಿತು. ಒಂದು ಪಾಲಿನಿಂದ ಈ ಭವನ ಎದ್ದಿತು. ಕೊಟ್ಟವರ ಹೆಸರುಗಳನ್ನು ಬರೆದ ಐವತ್ತು ದೊಡ್ಡ ಸಂಪುಟಗಳು ಅಲ್ಲಿ ಇವೆ. ನಮ್ಮ ದೇವಾಲಯಗಳ ಶಾಸನಗಳಲ್ಲಿ ದೊರೆ, ದಂಡನಾಯಕ, ಸೆಟ್ಟಿ, ಅಪರೂಪಕ್ಕೆ ರೂವಾರಿ ಕಾಣಿಸುತ್ತಾರೆ. ಇಲ್ಲಿ ಶಾಸನವೇ ಊರಿನ ಜನಗಣತಿಯಂತಾಗಿದೆ. ಕಟ್ಟಡ ಯಾರದು ಎಂಬ ಪ್ರಶ್ನೆಗೆ ಆ ಸಂಪುಟಗಳೇ ಉತ್ತರ.

ನಿವೇಶನದ ಕಥೆಯೂ ಅರ್ಥಪೂರ್ಣ. ಆ ಸ್ಥಳದಲ್ಲಿದ್ದದ್ದು ರಾಯಲ್ ಅಕ್ವೇರಿಯಂ ಎಂಬ ವಿನೋದಭವನ. ೧೮೭೬ರಲ್ಲಿ ತೆರೆದು ಏಳುಬೀಳುಗಳನ್ನು ಕಂಡು ೧೯೦೩ರಲ್ಲಿ ಮುಚ್ಚಿತು. ಜನ ಗುಂಪುಗೂಡುವುದು ರೂಢಿಯಾಗಿದ್ದ ನೆಲವನ್ನೇ ಪಂಥ ಆರಿಸಿಕೊಂಡಿತು. ಅದೂ ರಾಜರ ಪಟ್ಟಾಭಿಷೇಕದ ದೇವಾಲಯಕ್ಕೆ ಎದುರಾಗಿ. ಅಬೆಯ ಮುಂದೆ ಇನ್ನೊಂದು ಗೋಥಿಕ್ ಕಟ್ಟಿದ್ದರೆ ಅದು ಮೂಲದ ಮುಂದೆ ನಕಲಿನಂತೆ ಕಾಣುತ್ತಿತ್ತು. ಸ್ಪರ್ಧೆಯಲ್ಲಿ ಗೆದ್ದ ಲಾಂಚೆಸ್ಟರ್ ಮತ್ತು ರಿಕರ್ಡ್ಸ್ ಸಂಸ್ಥೆಯವರು ಆ ದಾರಿಯನ್ನು ಬಿಟ್ಟು, ವಿಯೆನ್ನಾ ನಗರದ ಬರೋಕ್ ಶೈಲಿಯತ್ತ ತಿರುಗಿದರು. ೧೯೦೬ರಲ್ಲಿ ತೆರೆದ ಕಾರ್ಡಿಫ್ ನಗರದ ಪುರಭವನವೂ ಇದೇ ಸಂಸ್ಥೆಯ ಕೃತಿ. ಆ ಹೊರರೂಪದ ಕಲ್ಪನೆ ಎಡ್ವಿನ್ ರಿಕರ್ಡ್ಸನದು. ಗೆರೆಯಲ್ಲಿ ಅಸಾಧಾರಣ ಕೈಚಳಕವಿದ್ದ ಆತ ೧೯೨೦ರಲ್ಲಿ ತೀರಿಕೊಂಡ.

೫

ಈಗ ವಿಮರ್ಶೆಗೆ ಬರೋಣ. ಹೊರಮುಖದಲ್ಲಿ ಔದಾರ್ಯವಿದೆ. ಕಮಾನುಗಳ ಮೂಲೆಗಳಲ್ಲಿ ಹೆನ್ರಿ ಪೂಲ್ ರೂಪಿಸಿದ ದೇವದೂತರು ಕಟ್ಟಡದ ಭಾರವನ್ನು ಮರೆಸುತ್ತಾರೆ. ಗುಮ್ಮಟ ಅರ್ಧಗೋಳವಲ್ಲ, ಚೌಕದ ತಳದ ಮೇಲೆ ಉಬ್ಬಿದ ನಾಲ್ಕು ಮಗ್ಗುಲುಗಳದು. ಆದುದರಿಂದಲೇ ಅದು ಸಂತ ಪಾಲನ ದೇವಾಲಯದ ಗುಮ್ಮಟದೊಡನೆ ಸ್ಪರ್ಧೆಗೆ ನಿಲ್ಲುವುದಿಲ್ಲ. ಮೂಲವಿನ್ಯಾಸದಲ್ಲಿ ಅಬೆಯ ಕಡೆಗೆ ಎರಡು ಚಿಕ್ಕ ಗೋಪುರಗಳಿದ್ದವು. ಅವು ಏಳಲೇ ಇಲ್ಲ. ಸೇಂಟ್ ಜೇಮ್ಸ್ ಉದ್ಯಾನದ ಕಡೆಯಿಂದ ನೋಡುವವರಿಗೆ ಹಾಕ್ಸ್‌ಮೂರ್ ವಿನ್ಯಾಸಗೊಳಿಸಿದ ಅಬೆಯ ಗೋಪುರಗಳ ಪ್ರಾಧಾನ್ಯ ಕುಗ್ಗುವುದೆಂಬ ಕೂಗು ಎದ್ದಿತೆಂದು ಹೇಳುತ್ತಾರೆ. ಕಾರಣವೇನೇ ಇರಲಿ, ಪರಿಣಾಮ ಮಿಶ್ರವಾದದ್ದು. ಗೋಪುರಗಳಿಲ್ಲದೆ ಮುಂಭಾಗದ ಭುಜಗಳು ಬರಿದಾಗಿ, ಗುಮ್ಮಟ ಒಂಟಿಯಾಗಿ ನಿಂತಂತೆ ತೋರುತ್ತದೆ. ಆದರೆ ಗೋಪುರ ಬಿಟ್ಟದ್ದರಿಂದ ಅದು ಚರ್ಚೆಂಬ ವೇಷವೂ ಕಳಚಿತು; ಹೆಸರಿಗೂ ರೂಪಕ್ಕೂ ಸಾಮ್ಯ ಬಂತು. ಸೌಂದರ್ಯದಲ್ಲಿ ಆದ ನಷ್ಟ ಅರ್ಥದಲ್ಲಿ ಲಾಭವಾಯಿತು.

ಎರಡನೆಯ ಪ್ರಶ್ನೆ ಪ್ರಾಮಾಣಿಕತೆಯದು. ಕಲ್ಲಿನ ಹೊದಿಕೆಯ ಒಳಗೆ ಇರುವುದು ಉಕ್ಕಿನ ಸಲಾಕೆ ಹುದುಗಿಸಿದ ಕಾಂಕ್ರೀಟಿನ ಹಂದರ. ಬ್ರಿಟನ್ನಿನಲ್ಲಿ ಆ ವಿಧಾನವನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದ ಆದಿಯ ಉದಾಹರಣೆಗಳಲ್ಲಿ ಇದೊಂದು. ಹೊಸ ಸಾಮಗ್ರಿಯನ್ನು ಹಳೆಯ ಉಡುಪಿನಲ್ಲಿ ಮುಚ್ಚಿದ್ದು ಕಪಟವೆಂದು ಆಧುನಿಕ ಪಂಥದ ವಾಸ್ತುಜ್ಞರು ಹೇಳಿಯಾರು. ಆದರೆ ಐಹೊಳೆಯ ಲಾಡಖಾನ ಗುಡಿಯನ್ನು ನೋಡಿದವರು ಈ ತೀರ್ಪನ್ನು ಕೊಡಲು ಹಿಂಜರಿಯುತ್ತಾರೆ. ಅದರ ಇಳಿಜಾರು ಮಾಡಿನ ಕಲ್ಲುಚಪ್ಪಡಿಗಳ ಸಂದುಗಳನ್ನು ಮುಚ್ಚಿರುವ ಉದ್ದನೆಯ ಕಲ್ಲುಪಟ್ಟಿಗಳು ಮರದ ದಿಮ್ಮಿಗಳ ರೂಪದಲ್ಲಿವೆ. ಕೈ ಹೊಸ ಸಾಮಗ್ರಿಗೆ ಒಗ್ಗಿದ ಮೇಲೆಯೂ ಕಣ್ಣು ಕೆಲವು ಕಾಲ ಹಳೆಯದನ್ನೇ ಬೇಡುತ್ತದೆ. ಅದು ಮೋಸವಲ್ಲ, ಸಂಕ್ರಮಣ. ಇನ್ನೊಂದು ಮಾತು: ಲಾಡಖಾನ ಮೂಲತಃ ಊರಿನ ಸಭಾಮಂಟಪವಾಗಿದ್ದು, ಅನಂತರ ಹಿಂಗೋಡೆಗೆ ಒತ್ತಿ ಗರ್ಭಗೃಹವನ್ನು ಸೇರಿಸಿ ಗುಡಿಯಾಯಿತೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಊಹೆ ನಿಜವಾದರೆ ನಮ್ಮ ದೇವಾಲಯದ ಚರಿತ್ರೆಯಲ್ಲಿಯೂ ಸಭೆ ಮೊದಲು, ಸನ್ನಿಧಿ ಆಮೇಲೆ.

ನಿಜವಾದ ದೋಷವಿರುವುದು ಒಳಗೆ. ಬಾಗಿಲು ದಾಟಿದೊಡನೆ ಸಿಗುವ ಮೆಟ್ಟಿಲುಸಾಲು ಭವ್ಯವಾಗಿದೆ. ಹತ್ತುವವನ ಹೆಜ್ಜೆಗೆ ಅದು ಗಾಂಭೀರ್ಯವನ್ನು ಕೊಡುತ್ತದೆ. ಆದರೆ ಕಲ್ಪನೆಯ ವೈಭವಕ್ಕೂ ಕೆಲಸದ ಮಿತವ್ಯಯಕ್ಕೂ ಹೊಂದಿಕೆಯಾಗಿಲ್ಲ. ಹೊರಗೆ ಸುರಿದ ಶಿಲ್ಪ ಒಳಗೆ ಬರುವಷ್ಟರಲ್ಲಿ ಬತ್ತಿದೆ. ಆಡಂಬರದ ಆಕ್ಷೇಪಕ್ಕೆ ಇಷ್ಟು ಮಟ್ಟಿಗೆ ಆಧಾರವುಂಟು. ವೆಸ್ಲಿಯ ಮನೆಗಳು ಹೊರಗೂ ಒಳಗೂ ಒಂದೇ ಮಾತನ್ನಾಡುತ್ತಿದ್ದವು. ಇದು ಬೀದಿಗೆ ಒಂದು ದನಿ, ಒಳಬಂದವರಿಗೆ ಇನ್ನೊಂದು ದನಿ.

ಆದರೂ ಮಹಾಸಭಾಂಗಣವನ್ನು ಹೊಕ್ಕ ಮೇಲೆ ಈ ಕೊರತೆಯನ್ನು ಮನ್ನಿಸಬೇಕಾಗುತ್ತದೆ. ಎರಡು ಸಾವಿರಕ್ಕೂ ಹೆಚ್ಚು ಜನ ಕೂರುವ ಈ ಅಂಗಣದಲ್ಲಿ ನೋಟವನ್ನು ತಡೆಯುವ ಕಂಬಗಳ ಸಾಲಿಲ್ಲ. ವೇದಿಕೆಯ ಹಿಂದೆ ಆರ್ಗನ್ ವಾದ್ಯ. ಮೂರು ಕಡೆ ಬಾಗಿ ಬಂದ ಮೇಲುಪ್ಪರಿಗೆ. ಗುಮ್ಮಟದಡಿಯಲ್ಲಿ ಮಾತನಾಡುವುದು ಎಷ್ಟು ಕಷ್ಟವೆಂಬುದನ್ನು ವಿಜಯಪುರದ ಗೋಲಗುಮ್ಮಟವನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಪಿಸುಮಾತು ಆಚೆ ಬದಿಯ ಗೋಡೆಗೆ ಮುಟ್ಟುತ್ತದೆ, ಗಟ್ಟಿಯಾಗಿ ಆಡಿದ ಮಾತು ಪ್ರತಿಧ್ವನಿಗಳಲ್ಲಿ ಕಲಸಿಹೋಗುತ್ತದೆ. ಎತ್ತರದ ಗುಮ್ಮಟ ಕಣ್ಣಿನ ಮಿತ್ರ, ಕಿವಿಯ ಶತ್ರು. ಇಲ್ಲಿಯ ಒಳಮಾಳಿಗೆ ತಟ್ಟೆಯಂತೆ ಆಳವಿಲ್ಲದ್ದು. ಬಾಗು ಕಡಿಮೆಯಾದಷ್ಟೂ ಧ್ವನಿ ಒಂದೇ ಬಿಂದುವಿಗೆ ಮರಳಿ ಬೀಳುವ ಅಪಾಯ ಕಡಿಮೆ. ಬೀದಿಗೆ ಉಬ್ಬಿದ ಗುಮ್ಮಟವನ್ನೂ ಸಭೆಗೆ ಚಪ್ಪಟೆಯಾದ ಮಾಳಿಗೆಯನ್ನೂ ಕೊಟ್ಟದ್ದರಲ್ಲಿ ಶಿಲ್ಪಿಗಳ ವಿವೇಕವಿದೆ. ಬಯಲಿನ ಸಭೆಗೆ ಸೂರು ಹೊದಿಸಬೇಕೆಂಬುದು ಮೂಲದ ಆಶಯ. ಕಂಬವಿಲ್ಲದೆ ಅಷ್ಟು ಅಗಲವನ್ನು ದಾಟಲು ಹಳೆಯ ಕಲ್ಲಿನಿಂದ ಆಗುತ್ತಿರಲಿಲ್ಲ. ಹೊಸ ಕಾಂಕ್ರೀಟಿನಿಂದ ಆಯಿತು. ೧೭೩೯ರ ಬಯಲು ೧೯೧೨ರಲ್ಲಿ ಒಂದು ಕಟ್ಟಡವಾಯಿತು.

೬

ಇಂಥ ಕಟ್ಟಡದ ಬೆಲೆಯನ್ನು ಅದರ ಬಳಕೆಯಿಂದಲೂ ಅಳೆಯಬೇಕು. ಎರಡನೆಯ ಮಹಾಯುದ್ಧದಲ್ಲಿ ಅದರ ನೆಲಮಾಳಿಗೆ ಬಾಂಬಿನಿಂದ ತಪ್ಪಿಸಿಕೊಂಡ ಸಾವಿರಾರು ಜನಕ್ಕೆ ಆಶ್ರಯವಾಯಿತು. ೧೯೪೬ರ ಜನವರಿ ೧೦ರಂದು ವಿಶ್ವಸಂಸ್ಥೆಯ ಮಹಾಸಭೆ ಮೊಟ್ಟಮೊದಲ ಬಾರಿಗೆ ಕೂಡಿದ್ದು ಈ ಅಂಗಣದಲ್ಲಿಯೇ. ಐವತ್ತೊಂದು ರಾಷ್ಟ್ರಗಳು ಅಲ್ಲಿ ಸೇರಿ ಬೆಲ್ಜಿಯಂ ದೇಶದ ಸ್ಪಾಕ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದವು. ಅದೇ ತಿಂಗಳ ೨೪ರಂದು ಸಭೆ ಒಪ್ಪಿದ ಮೊದಲ ನಿರ್ಣಯ ಪರಮಾಣುಶಕ್ತಿಯನ್ನು ಕುರಿತದ್ದು. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಗೆ ಆ ತಿಂಗಳಲ್ಲಿಯೇ ಮೊದಲ ಅಧ್ಯಕ್ಷರಾದವರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು. ಅದೇ ವರ್ಷ ಅವರು ಮೈಸೂರಿನ ದಿವಾನರಾದದ್ದನ್ನು ನಮ್ಮ ವಾಚಕರು ಬಲ್ಲರು. ಅಬೆಯಲ್ಲಿ ಆ ಮಹಾಸಭೆ ಕೂಡಬಹುದಿತ್ತೇ? ಅದು ಒಂದು ರಾಜ್ಯದ, ಒಂದು ಮತದ ಸನ್ನಿಧಿ. ಹಲವು ಮತದವರೂ ಮತವಿಲ್ಲದವರೂ ಸಮನಾಗಿ ಕೂರಲು ಪೀಠಕ್ಕಿಂತ ಸಭೆಯೇ ಮುಖ್ಯವಾದ ಮನೆ ಬೇಕಾಗಿತ್ತು.

ಬಳಕೆಗೆ ಲಘುವಾದ ಪುಟಗಳೂ ಇವೆ. ೧೯೬೬ರ ಮಾರ್ಚ್ ೨೦ರ ಭಾನುವಾರ, ಅಂಚೆಚೀಟಿಗಳ ಪ್ರದರ್ಶನದಲ್ಲಿ ಇಟ್ಟಿದ್ದ ವಿಶ್ವ ಫುಟ್‌ಬಾಲ್ ಕಪ್ಪು ಇಲ್ಲಿಂದ ಕಳುವಾಯಿತು. ಆಗ ಇದೇ ಕಟ್ಟಡದ ಇನ್ನೊಂದು ಭಾಗದಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ವಾರದ ಮೇಲೆ ನಾಯಿಯೊಂದು ಅದನ್ನು ಪತ್ತೆಹಚ್ಚಿತು. ಒಂದು ಸೂರಿನಡಿ ಅಂಚೆಚೀಟಿಯೂ ಆರಾಧನೆಯೂ ಕಳ್ಳನೂ ಇದ್ದರೆಂದು ನಗುವವರು ನಗಲಿ. ಊರು ಎಂದರೆ ಇದೇ ತಾನೆ?

ಆದರೆ ಈ ಸಮ್ಮಿಶ್ರಣದ ಅಪಾಯವನ್ನೂ ಮರೆಮಾಚಬಾರದು. ಲಿವರ್‌ಪೂಲ್ ಮತ್ತು ಬರ್ಮಿಂಗ್‌ಹ್ಯಾಮಿನ ಭವನಗಳಲ್ಲಿ ಪ್ರಾರ್ಥನಾಸಭೆ ಕ್ಷೀಣಿಸಿ, ಕಟ್ಟಡಗಳು ಕಡೆಗೆ ಬೇರೆ ಉಪಯೋಗಗಳಿಗೆ ಹೋದವು. ಗರ್ಭಗೃಹವುಳ್ಳ ಗುಡಿ ಪಾಳುಬಿದ್ದರೂ ಗುಡಿಯಾಗಿಯೇ ಉಳಿಯುತ್ತದೆ. ಸಭೆಯನ್ನೇ ನಂಬಿ ಕಟ್ಟಿದ ಮನೆ ಸಭೆ ಚದುರಿದ ದಿನ ಬರಿಯ ಕೋಣೆಯಾಗುತ್ತದೆ. ಇದು ಈ ವಾಸ್ತುವಿನ ದೌರ್ಬಲ್ಯವೂ ಹೌದು, ಅದರ ಸತ್ಯವೂ ಹೌದು.

೭

ಲಾಂಚೆಸ್ಟರ್ ಭಾರತಕ್ಕೆ ಅಪರಿಚಿತರಲ್ಲ. ಭವನ ತೆರೆದ ೧೯೧೨ರಲ್ಲಿಯೇ ಅವರು ಹೊಸ ದೆಹಲಿಯ ನಿರ್ಮಾಣದ ವಿಷಯದಲ್ಲಿ ಸಲಹೆ ಕೊಡಲು ಇಲ್ಲಿಗೆ ಬಂದರು. ಮುಂದೆ ಜೋಧಪುರದ ಉಮೇದ್ ಭವನವನ್ನು ರೂಪಿಸಿದವರು ಅವರೇ. ೧೯೨೯ರಲ್ಲಿ ಬರಗಾಲದ ಪರಿಹಾರಕಾರ್ಯವಾಗಿ ಆರಂಭವಾದ ಆ ಅರಮನೆ ೧೯೪೩ರ ಹೊತ್ತಿಗೆ ಮುಗಿಯಿತು. ಅದರ ನಡುವೆಯೂ ಎತ್ತರದ ಗುಮ್ಮಟವಿದೆ. ಒಬ್ಬನೇ ಶಿಲ್ಪಿಯ ಸಂಬಂಧವುಳ್ಳ ಎರಡು ಗುಮ್ಮಟಗಳು: ಒಂದರ ಕೆಳಗೆ ಒಂದು ರಾಜಕುಟುಂಬ, ಇನ್ನೊಂದರ ಕೆಳಗೆ ಗಿನಿಯೊಂದನ್ನು ಕೊಟ್ಟ ಹತ್ತು ಲಕ್ಷ ಜನ. ಜೋಧಪುರದ್ದು ಶಿಲ್ಪವಾಗಿ ಹೆಚ್ಚು ಪರಿಪೂರ್ಣವಿರಬಹುದು; ಅರ್ಥದಲ್ಲಿ ವೆಸ್ಟ್‌ಮಿನ್‌ಸ್ಟರಿನದೇ ದೊಡ್ಡದು.

ಕನ್ನಡನಾಡಿನ ಹೋಲಿಕೆಯೊಂದು ಇನ್ನೂ ಹತ್ತಿರದ್ದು. ಮೈಸೂರು ಸೀಮೆಯಲ್ಲಿ ಶಾಲೆಗಳನ್ನೂ ಮುದ್ರಣಾಲಯವನ್ನೂ ನಡೆಸಿ ಕನ್ನಡಕ್ಕೆ ಸೇವೆ ಸಲ್ಲಿಸಿದ ವೆಸ್ಲಿಯನ್ ಮಿಷನ್ನಿನವರು ಪಾದ್ರಿ ಜೋಸಯಾ ಹಡ್ಸನ್ನರ ನೆನಪಿಗಾಗಿ ಬೆಂಗಳೂರಿನಲ್ಲಿ ೧೯೦೪ರಲ್ಲಿ ಒಂದು ದೇವಾಲಯವನ್ನು ಕಟ್ಟಿದರು. ಲಂಡನ್ನಿನಲ್ಲಿ ನಿಧಿ ಮುಗಿದ ವರ್ಷವೇ ಅದು. ಕನ್ನಡದಲ್ಲಿ ಆರಾಧನೆ ನಡೆಯುವ ಆ ಕಲ್ಲುಕಟ್ಟಡ, ೧೯೪೭ರಲ್ಲಿ ಪಂಥಗಳು ಕೂಡಿ ದಕ್ಷಿಣ ಭಾರತ ಸಭೆಯಾದಾಗ ಅದರೊಳಗೆ ಸೇರಿತು. ಅದರ ಶೈಲಿ ಗೋಥಿಕ್. ತವರಿನಲ್ಲಿ ಪಂಥ ಮೊನಚು ಕಮಾನನ್ನು ಬಿಟ್ಟು ಸಭಾಭವನದತ್ತ ನಡೆಯುತ್ತಿದ್ದಾಗ, ಪರನಾಡಿನಲ್ಲಿ ಅದೇ ಪಂಥ ತವರಿನ ಹಳೆಯ ರೂಪವನ್ನು ಅಪ್ಪಿಕೊಂಡಿತು. ಆ ದೇವಾಲಯ ಸುಂದರವಾದದ್ದು. ಅದರ ಸೌಂದರ್ಯವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ದೂರ ಹೋದವರಿಗೆ ತವರು ತಾವು ಬಿಟ್ಟು ಬಂದ ದಿನದ ರೂಪದಲ್ಲಿಯೇ ನಿಂತುಬಿಡುತ್ತದೆ ಎಂಬುದಕ್ಕೆ ಅದೊಂದು ಸಾಕ್ಷಿ.

ಹೊರನಾಡಿನಲ್ಲಿ ನೆಲೆಸಿ, ಚಂದಾ ಎತ್ತಿ, ಸಂಘದ ಭವನಗಳನ್ನು ಕಟ್ಟಿಕೊಂಡ ನಮಗೆ ಈ ಮಾತು ಸುಮ್ಮನೆ ಕೇಳಿ ಬಿಡುವಂಥದಲ್ಲ. ನಾವು ಮುಂಭಾಗಕ್ಕೆ ಹೊಯ್ಸಳರ ನಕ್ಷತ್ರಾಕಾರವನ್ನೋ ಚಾಲುಕ್ಯರ ಕಂಬವನ್ನೋ ಅಂಟಿಸಿ ತೃಪ್ತರಾಗಬಹುದು. ಅದರಲ್ಲಿ ತಪ್ಪಿಲ್ಲ; ವೆಸ್ಟ್‌ಮಿನ್‌ಸ್ಟರಿನ ಭವನವೂ ವಿಯೆನ್ನಾದಿಂದ ಉಡುಪನ್ನು ಎರವಲು ತಂದಿದೆ. ಆದರೆ ಅದು ನಿಂತಿರುವುದು ಆ ಉಡುಪಿನಿಂದಲ್ಲ. ಹಿಂದಿನ ಸಾಲಿನಲ್ಲಿ ಕುಳಿತವನಿಗೂ ಮಾತು ಕೇಳಬೇಕೆಂಬ ನೂರೆಪ್ಪತ್ತು ವರ್ಷಗಳ ಹಟದಿಂದ, ಬಾಗಿಲಿಗೆ ಅಂಜುವವನನ್ನು ಒಳಗೆ ಕರೆಯಬೇಕೆಂಬ ಕಳಕಳಿಯಿಂದ, ಐವತ್ತು ಸಂಪುಟಗಳ ಹೆಸರುಗಳಿಂದ ಅದು ನಿಂತಿದೆ. ವಾಸ್ತುವಾಗಿ ಅದು ಕುಂದಿಲ್ಲದ ಕೃತಿಯಲ್ಲ: ಹೊರಗೆ ಹೆಚ್ಚು ಮಾತು, ಒಳಗೆ ಕಡಿಮೆ ಕುಸುರಿ, ಏಳದೆ ಹೋದ ಗೋಪುರಗಳು. ಸಭೆಗಾಗಿ ಕಟ್ಟಿದ ಮನೆಯಾಗಿ ಮಾತ್ರ ಅದಕ್ಕೆ ಸಮನಾದವು ವಿರಳ. ಕಟ್ಟಡವನ್ನು ಕಟ್ಟುವುದು ಹಣದಿಂದ ಆಗುವ ಕೆಲಸ. ಅದನ್ನು ಸಭೆಯಾಗಿ ಉಳಿಸುವುದು ಭಾನುವಾರದಿಂದ ಭಾನುವಾರಕ್ಕೆ ಜನ ಬಂದು ಕೂಡುವುದರಿಂದ ಆಗತಕ್ಕದ್ದು.